ದೊಡ್ಡವ್ವನ ಐನೂರರ ನೋಟು

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ತಿಂಗಳು ನಾನು ಲೆಕ್ಕದ ವಹಿಯಲ್ಲಿ ಬಸ್ ಚಾರ್ಜಿನ ಸಾಲನ್ನೇ ಖುಷಿಯಿಂದ ಹೊಡೆದುಹಾಕಿದೆ. ಆಗ ಬೀದರಿನಲ್ಲಿ ಎಂ.ಎ. ಓದುತ್ತಿದ್ದೆ, ಮೈಲೂರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ಔರಾದಿನಲ್ಲಿ ಹೊಲಿಗೆ ಅಂಗಡಿ ನಡೆಸುವ ಅಪ್ಪ ಒಂದನೇ ತಾರೀಖಿಗೆ ಫೋನಿಗೆ ಐದು ಸಾವಿರ ಹಾಕುತ್ತಿದ್ದರು. ಬಾಡಿಗೆ, ಗ್ಯಾಸು, ಕಾಯಿಪಲ್ಲೆ, ಝೆರಾಕ್ಸು ಎಲ್ಲ ಅದರಲ್ಲೇ. ಊರಿಗೆ ಹೋಗಿಬರುವ ಖರ್ಚು ಉಳಿದರೆ ತಿಂಗಳಿಗೊಮ್ಮೆ ಹೋಟೆಲಿನಲ್ಲಿ ದೋಸೆ ತಿನ್ನಬಹುದು ಎಂದು ಲೆಕ್ಕ ಹಾಕಿದ್ದೆ. ಬಸ್ಸು ಪುಕ್ಕಟೆಯಾದದ್ದು ನನಗೊಬ್ಬಳಿಗೇ ಅಲ್ಲ, ದೊಡ್ಡವ್ವನಿಗೂ ಆಗಿದೆ ಎಂಬುದು ಮಾತ್ರ ತಲೆಗೆ ಹೊಳೆದಿರಲಿಲ್ಲ.

ದೊಡ್ಡವ್ವ ಎಂದರೆ ಅವ್ವನ ಅಕ್ಕ. ಭಾಲ್ಕಿಯಲ್ಲಿ ಇರುತ್ತಾಳೆ. ಆಧಾರ್ ಕಾರ್ಡೊಂದನ್ನು ಸೆರಗಿಗೆ ಕಟ್ಟಿಕೊಂಡು ಗುರುವಾರ ಬೆಳಿಗ್ಗೆ ತಪ್ಪದೆ ಬಂದುಬಿಡುತ್ತಿದ್ದಳು. ಒಂದು ವಾರ ಕುಬಸಕ್ಕೆ ಹೊಂದುವ ಅಸ್ತರು, ಇನ್ನೊಂದು ವಾರ ಕುಕ್ಕರಿನ ರಬ್ಬರು. ಭಾಲ್ಕಿಯಲ್ಲಿ ರಬ್ಬರು ಸಿಗುವುದಿಲ್ಲವೇ ಎಂದು ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು.

“ಸಿಗ್ತದ, ಬೀದರದಾಗ ಛಲೋ ಸಿಗ್ತದ. ಬಸ್ಸಿಗಿ ರೊಕ್ಕ ಹತ್ತಂಗಿಲ್ಲಲ್ಲ!”

ಬಸ್ಸಿಗೆ ರೊಕ್ಕ ಹತ್ತುವುದಿಲ್ಲ, ನಿಜ. ಬಸ್ ಸ್ಟ್ಯಾಂಡಿನಿಂದ ಮೈಲೂರಿಗೆ ಆಟೊಕ್ಕೆ ಹತ್ತುತ್ತದೆ, ಎರಡು ಸಲ ಚಹಾ ಮಾಡಲು ಅರ್ಧ ಲೀಟರ್ ಹಾಲಿಗೆ ಹತ್ತುತ್ತದೆ, ಊಟಕ್ಕೆ ಅವಳಿಗೆ ಮೊಸರು ಬೇಕೇ ಬೇಕು. ಅವಳು ಬಂದುಹೋದರೆ ನನ್ನ ನಾಲ್ಕು ದಿನದ ಖರ್ಚು ಒಂದೇ ದಿನದಲ್ಲಿ ಮುಗಿಯುತ್ತಿತ್ತು.

ಹೊರಡುವಾಗ ಮಾತ್ರ ಅವಳ ಗತ್ತೇ ಬೇರೆ. ಸೊಂಟದ ಚಂಚಿಯ ದಾರ ಬಿಚ್ಚಿ, ಎಲೆ-ಅಡಿಕೆಯ ಅಡಿಯಿಂದ ನಾಲ್ಕು ಮಡಿಕೆಯ ಐನೂರರ ನೋಟನ್ನು ತೆಗೆದು ನನ್ನ ಕೈಗೆ ಹಿಡಿಯುತ್ತಿದ್ದಳು.

“ತಗೋ, ಏನರ ತಿನ್ನು.”

“ಬ್ಯಾಡ ದೊಡ್ಡವ್ವಾ.”

ಹಿರಿಯರು ಕೈಗೆ ರೊಕ್ಕ ಇಟ್ಟರೆ ಮೂರು ಸಲ ಬೇಡ ಅನ್ನಬೇಕು. ನಮ್ಮನ್ನು ಬೆಳೆಸಿದ್ದೇ ಹಾಗೆ. ಬೇರೆ ಹಿರಿಯರು ಮೂರನೇ ಸಲಕ್ಕೆ ಅದನ್ನು ನಮ್ಮ ಪುಸ್ತಕದೊಳಗೆ ತುರುಕಿ ಹೋಗುತ್ತಾರೆ. ದೊಡ್ಡವ್ವ ಮೂರನೇ ‘ಬ್ಯಾಡ’ ಕೇಳಿದ ಕೂಡಲೇ ನೋಟನ್ನು ಮಡಿಸಿ ಚಂಚಿಗೆ ಇಳಿಸಿಬಿಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ಪರೀಕ್ಷೆ ಶುಲ್ಕದ ತಿಂಗಳು ಬಂತು. ಶುಕ್ರವಾರ ಕಡೆಯ ದಿನ. ತಪ್ಪಿದರೆ ದಂಡ, ದಂಡ ಕಟ್ಟಲು ಆಗದಿದ್ದರೆ ಆ ಸಲದ ಪರೀಕ್ಷೆಯೇ ಇಲ್ಲ. ಎರಡು ತಿಂಗಳು ಬಾಯಿ ಕಟ್ಟಿ ಉಳಿಸಿದ ಸಾವಿರದ ಎಂಟುನೂರು ರೂಪಾಯಿ ಜೋಳದ ಹಿಟ್ಟಿನ ಡಬ್ಬಿಯಲ್ಲಿತ್ತು. ಗುರುವಾರ ಅದನ್ನು ಪರ್ಸಿಗೆ ಹಾಕಿಕೊಂಡು ಕಟ್ಟಲು ಹೊರಟಿದ್ದೆ, ಅಷ್ಟರಲ್ಲಿ ದೊಡ್ಡವ್ವ ಕುಂಟುತ್ತ ಬಂದಳು. ಮೊಣಕಾಲು ಬಾತುಹೋಗಿತ್ತು. ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿ ಪುಕ್ಕಟೆ ನೋಡಿದರು, ಆದರೆ ಮೊಣಕಾಲಿಗೆ ಹಾಕುವ ಪಟ್ಟಿ ಮತ್ತು ಮುಲಾಮನ್ನು ಹೊರಗೆ ಕೊಳ್ಳಬೇಕಿತ್ತು. ಔಷಧಿ ಅಂಗಡಿಯವನು ಬಿಲ್ಲು ಚಾಚಿದಾಗ ದೊಡ್ಡವ್ವ ಚಂಚಿಯ ಮೇಲೆ ಕೈಯಿಟ್ಟುಕೊಂಡು ರಸ್ತೆ ನೋಡುತ್ತ ನಿಂತಳು. ನನ್ನ ಶುಲ್ಕದ ರೊಕ್ಕದಲ್ಲಿ ನಾನೂರ ಎಂಬತ್ತು ಹೋಯಿತು.

ಸಂಜೆ ಹೊರಡುವಾಗ ಎಂದಿನಂತೆ ನೋಟು ಹೊರಬಂತು.

“ತಗೋ.”

ತಗೊಂಡೆ. ಒಂದು ಸಲವೂ ಬೇಡ ಅನ್ನಲಿಲ್ಲ. ದೊಡ್ಡವ್ವನ ಕೈ ಚಾಚಿದಂತೆಯೇ ಉಳಿಯಿತು. “ಛಲೋ ಆಯ್ತು,” ಎಂದಳು, ನನ್ನ ಮುಖ ನೋಡದೆ ಆಟೊ ಹತ್ತಿದಳು. ಮರುದಿನ ಅದನ್ನೂ ಸೇರಿಸಿ ಶುಲ್ಕ ಕಟ್ಟಿ, ಗೆದ್ದವಳಂತೆ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ.

“ಏ ಹುಚ್ಚಿ, ಆ ನೋಟ ತಗೊಂಡೇನ?” ಅವ್ವ ಚೀರಿದಳು. “ಅದು ಯಾರೂ ತಗೊಳ್ಳಂಗಿಲ್ಲ! ಆಕಿ ಕಡಿ ಇರೋದೇ ಅದೊಂದು. ಯಾರ ಮನಿಗಿ ಹೋದ್ರೂ ಬರಿಗೈಲೆ ಬಂದಳು ಅನಬಾರದಂತ ಎಷ್ಟೋ ವರ್ಷದಿಂದ ಇಟ್ಕೊಂಡಾಳ. ಎಲ್ಲರಿಗೂ ಗೊತ್ತದ.”

ಎಲ್ಲರಿಗೂ ಗೊತ್ತಿತ್ತಂತೆ! ಇಡೀ ಬಳಗಕ್ಕೆ ಗೊತ್ತಿದ್ದದ್ದನ್ನು ನನಗೊಬ್ಬಳಿಗೆ ಹೇಳದೆ ಬಿಟ್ಟದ್ದಕ್ಕೆ ಅವ್ವನ ಮೇಲೆ ಸಿಟ್ಟು ಬಂತು. ಆಮೇಲೆ ನನ್ನ ಮೇಲೆಯೇ ಬಂತು, ನಾಚಿಕೆಯಿಂದ ಊಟ ಸೇರಲಿಲ್ಲ.

ಮುಂದಿನ ಗುರುವಾರ ದೊಡ್ಡವ್ವ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಹಾಲಿನ ಖರ್ಚು ಉಳಿಯಿತು, ಆಟೊದ್ದೂ ಉಳಿಯಿತು. ಆದರೆ ದೋಸೆ ತಿನ್ನುವ ಮನಸ್ಸಾಗಲಿಲ್ಲ. ಒಂದನೇ ತಾರೀಖಿಗೆ ಅಪ್ಪನ ರೊಕ್ಕ ಬಂದ ಮೇಲೆ ಐನೂರರ ನೋಟೊಂದನ್ನು ತೆಗೆದುಕೊಂಡು ನಾನೇ ಭಾಲ್ಕಿಯ ಬಸ್ಸು ಹತ್ತಿದೆ.

ದೊಡ್ಡವ್ವ ಚಹಾ ಮಾಡಿದಳು, ಮೊಸರು-ರೊಟ್ಟಿ ಉಣ್ಣಿಸಿದಳು, ಮೊಣಕಾಲಿನ ಪಟ್ಟಿಯನ್ನು ನೆರೆಮನೆಯವಳಿಗೆ ತೋರಿಸಿ ನನ್ನನ್ನು ಹೊಗಳಿದಳು. ನಾನು ನೋಟು ಚಾಚಿದಾಗ ಮಾತ್ರ ಕೆಂಡವಾದಳು.

“ನಾ ಏನ ನಿನಗ ಸಾಲಾ ಕೊಟ್ಟಿದ್ನೇನು? ಇಟ್ಕೋ ಒಳಗ!”

ಮೂರು ಸಲ ಕೊಡಲು ಹೋದೆ. ಮೂರು ಸಲವೂ ನನ್ನ ಕೈ ತಳ್ಳಿದಳು. ಕೊನೆಗೆ ನೋಟು ಮಡಿಸಿ ನನ್ನ ಪರ್ಸಿಗೇ ಹಾಕಿಕೊಂಡೆ.

ಹೊರಡಲು ಚಪ್ಪಲಿ ಮೆಟ್ಟಿದಾಗ ರೂಢಿಯಂತೆ ಅವಳ ಕೈ ಚಂಚಿಗೆ ಹೋಯಿತು. ದಾರ ಬಿಚ್ಚಿದಳು, ಎಲೆ-ಅಡಿಕೆಯ ಅಡಿಯಲ್ಲಿ ಬೆರಳಾಡಿಸಿದಳು. ಆಮೇಲೆ ಒಂದು ಅಡಿಕೆ ಚೂರನ್ನು ತೆಗೆದು ನನ್ನ ಮುಂದೆ ಹಿಡಿದಳು.

“ತಗೋ.”

“ಬ್ಯಾಡ ದೊಡ್ಡವ್ವಾ.”

“ತಗೋ ಅಂತೇನಿ.”

“ಬ್ಯಾಡ.”

“ನಾಚ್ಕೋಬ್ಯಾಡ, ತಗೋ.”

“ಬ್ಯಾಡಂದ್ರ ಬ್ಯಾಡ ದೊಡ್ಡವ್ವಾ!”

ಅವಳು ಅಡಿಕೆಯನ್ನು ಚಂಚಿಗೆ ಇಳಿಸಿ, ದಾರ ಬಿಗಿದು, ಎಷ್ಟೋ ದಿನದ ಮೇಲೆ ನನ್ನ ಮುಖವನ್ನು ನೆಟ್ಟಗೆ ನೋಡಿದಳು.

“ಗುರುವಾರ ಬರ್ತೇನಿ,” ಎಂದಳು. “ಮಸರ ತಂದಿಡು.”