ಕೆಟ್ಟದ್ದು ಡ್ರೈಯರ್ರೋ, ಒನ್ನಿಯ ತಲೆಯೋ

ನಮ್ಮೂರಲ್ಲಿ ರಿಪೇರಿಯವನನ್ನು ಮನೆಗೆ ಕರೆಸಿದರೆ ಮಾನ ಹೋದ ಹಾಗೆ. ಅವನ ವ್ಯಾನು ಬಾಗಿಲಲ್ಲಿ ನಿಂತರೆ ಸಾಕು, ಭಾನುವಾರ ಚರ್ಚಿನಲ್ಲಿ ಕಾಫಿ ಕುಡಿಯುವಾಗ ಯಾರಾದರೊಬ್ಬರು "ಪಾಪ, ಮನೇಲಿ ಗಂಡಸರಿಗೆ ಹುಷಾರಿಲ್ವಾ?" ಎಂದು ಕೇಳಿಯೇ ಕೇಳುತ್ತಾರೆ. ಹಾಗಾಗಿ ಅಮೆರಿಕದ ಸುಪೀರಿಯರ್ ಸರೋವರದ ಈ ದಂಡೆಯ, ಫಿನ್‌ಲೆಂಡ್ ಮೂಲದ ನಾವು ಕೆಟ್ಟದ್ದನ್ನೆಲ್ಲ ನಾವೇ ಬಿಚ್ಚುತ್ತೇವೆ, ನಾವೇ ಇನ್ನಷ್ಟು ಕೆಡಿಸುತ್ತೇವೆ. ಈ ವಿದ್ಯೆಯಲ್ಲಿ ಒನ್ನಿ ಮಾಕೆಲನನ್ನು ಮೀರಿಸಿದವರಿಲ್ಲ. ಇದು ಊರಿನವರ ಮಾತಲ್ಲ, ಅವನೇ ಹೇಳಿಕೊಳ್ಳುವುದು.

ಒನ್ನಿ ನಿವೃತ್ತಿಯಾಗುವವರೆಗೂ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿದವನು. "ನಾನು ಜೀವಮಾನವಿಡೀ ಮಾಡಿದ ಕೆಲಸ ಪ್ರತಿವರ್ಷ ಏಪ್ರಿಲ್‌ನಲ್ಲಿ ಕರಗಿಹೋಯ್ತು" ಎಂದು ತನ್ನನ್ನೇ ಆಡಿಕೊಳ್ಳುತ್ತಾನೆ. ಏನೇ ಬಿಚ್ಚಿ ಜೋಡಿಸಿದರೂ ಅವನ ಕೈಯಲ್ಲಿ ಸ್ಕ್ರೂಗಳು ಮಿಗುತ್ತವೆ. ಅವನ್ನು ಹಳೇ ಕಾಫಿ ಡಬ್ಬಿಗೆ ಹಾಕಿ, "ಕಂಪನಿಯವರು ಧಾರಾಳಿಗಳು, ನಾಲ್ಕು ಹೆಚ್ಚೇ ಹಾಕಿರ್ತಾರೆ" ಅನ್ನುತ್ತಾನೆ. ಡಬ್ಬಿ ತುಂಬಿ ಈಗ ಎರಡನೆಯದು ನಡೆಯುತ್ತಿದೆ.

ಆದರೆ ಕಳೆದ ಶರತ್ಕಾಲದಿಂದ ಅವನೊಳಗೆ ಒಂದು ಭಯ ಹೊಕ್ಕಿತ್ತು. ಒಂದು ರಾತ್ರಿ ಪಿಕಪ್ಪಿನ ಎಂಜಿನ್ ಆರಿಸದೆ ಒಳಗೆ ಬಂದು ಮಲಗಿಬಿಟ್ಟ. ಬೆಳಗಾಗುವಷ್ಟರಲ್ಲಿ ಟ್ಯಾಂಕು ಬರಿದು. ಇನ್ನೊಮ್ಮೆ ಶನಿವಾರದ ದಿನ ಟೈ ಕಟ್ಟಿಕೊಂಡು ಚರ್ಚಿಗೆ ಹೋಗಿ, ಬೀಗ ಹಾಕಿದ ಬಾಗಿಲು ಬಡಿದು ಬಂದ. ಎರಡಕ್ಕೂ ಮೊದಲು ನಕ್ಕವನು ಅವನೇ. ನಕ್ಕಮೇಲೆ ಅಪ್ಪನ ನೆನಪಾಯಿತು. ಅಪ್ಪ ಕೊನೆಗಾಲದಲ್ಲಿ ಜುಲೈ ತಿಂಗಳ ಬಿಸಿಲಲ್ಲಿ ಸಲಿಕೆ ಹಿಡಿದು ಹಿಮ ಎತ್ತಲು ಅಂಗಳಕ್ಕಿಳಿಯುತ್ತಿದ್ದ. ಮನೆಯವರೆಲ್ಲ ಸುಮ್ಮನೆ ನೋಡುತ್ತಿದ್ದರು.

ಹೆಂಡತಿ ಇಂಪಿ ಖಡಾಖಂಡಿತವಾಗಿ ಹೇಳಿದ್ದಳು: "ಇನ್ನೊಂದು ಸಲ ಹೀಗಾದ್ರೆ ಗ್ರೀನ್ ಬೇಗೆ ಹೋಗಿ ತಲೆ ಡಾಕ್ಟರಿಗೆ ತೋರಿಸೋಣ." ಇನ್ನು ಗಾಡಿ ಓಡಿಸಬೇಡ ಎಂದು ಡಾಕ್ಟರು ಅಂದರೆ ಪಿಕಪ್ಪಿನ ಕೀಲಿ ಕೈಬಿಡಬೇಕು. ಹಿಮದಲ್ಲೇ ಬಾಳು ಸವೆಸಿದ ಡ್ರೈವರನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದೆ? ಅಲ್ಲಿ ಮರೆವಿನ ಪರೀಕ್ಷೆಗೆ ಗಡಿಯಾರದ ಚಿತ್ರ ಬರೆಸುತ್ತಾರಂತೆ ಎಂದು ಯಾರೋ ಗಂಡಹೆಂಡತಿ ಇಬ್ಬರ ಕಿವಿಗೂ ಹಾಕಿದ್ದರು.

ಅಷ್ಟರಲ್ಲಿ ಒಗೆದ ಬಟ್ಟೆ ಒಣಗಿಸುವ ಡ್ರೈಯರ್ರು ಕೈಕೊಟ್ಟಿತು. ಇಂಪಿ ಬಟ್ಟೆ ಒಗೆಯುತ್ತಿದ್ದದ್ದು ಸೋಮವಾರ. ಈ ಚಳಿಗಾಲ ಸೋಮವಾರಗಳೆಲ್ಲ ಚರ್ಚಿನ ಅಡುಗೆಮನೆಯಲ್ಲಿ ಏಲಕ್ಕಿ ಹಾಕಿದ ನಿಸು ಬ್ರೆಡ್ಡು ಬೇಯಿಸುವುದಕ್ಕೇ ಹೋಗುತ್ತಿದ್ದುದರಿಂದ, ಒಗೆತವನ್ನು ಶನಿವಾರಕ್ಕೆ ಬದಲಾಯಿಸಿದಳು. ಮೊದಲ ಶನಿವಾರವೇ ಡ್ರೈಯರ್ರು ಗರಗರ ತಿರುಗಿತು, ಬಟ್ಟೆ ಮಾತ್ರ ಹಾಕಿದಾಗ ಇದ್ದಷ್ಟೇ ಒದ್ದೆ. ಬಿಸಿಯೇ ಇಲ್ಲ.

"ಹೊಸದು ತಗೊಳ್ಳೋಣ" ಅಂದಳು ಇಂಪಿ.

"ಯಾಕೆ? ನಾನು ಇದೀನಲ್ಲ."

"ಅದೇ ನನ್ನ ಚಿಂತೆ."

"ನೋಡು, ಇದನ್ನ ಸರಿಮಾಡಿ ತೋರಿಸ್ತೀನಿ. ಸರಿಮಾಡಿದ್ರೆ ಗ್ರೀನ್ ಬೇ ಮಾತು ಎತ್ತಬಾರದು."

"ಆಗದಿದ್ರೆ?"

"ಆಗದಿದ್ರೆ ನೀನು ಹೇಳಿದ್ದೇ ಸರಿ."

ಸೋಮವಾರದಿಂದಲೇ ಒನ್ನಿ ನೆಲಮಾಳಿಗೆಗಿಳಿದ. ಜನವರಿಯಲ್ಲಿ ನಮ್ಮ ನೆಲಮಾಳಿಗೆಗಳಲ್ಲಿ ಬೆರಳು ಮರಗಟ್ಟುತ್ತವೆ. ಅದಕ್ಕೇ ಇಳಿದ ತಕ್ಷಣ, ಪಕ್ಕದಲ್ಲೇ ಇದ್ದ, ಶನಿವಾರ ಶನಿವಾರ ಹಬೆಸ್ನಾನ ಮಾಡುವ ಸೌನಾ ಕೋಣೆಯ ಕರೆಂಟಿನ ಒಲೆ ಹಚ್ಚಿ ಬಾಗಿಲು ಓರೆ ಮಾಡಿಟ್ಟುಕೊಳ್ಳುತ್ತಿದ್ದ. ಕೈ ಬೆಚ್ಚಗಿರುತ್ತದೆ, ಕೆಲಸ ಮುಗಿದಮೇಲೆ ಬೆವರಿಳಿಸಿ ಮಸಿ ತೊಳೆದುಕೊಳ್ಳಲೂ ಆಗುತ್ತದೆ. ಇದು ತನ್ನ ಬುದ್ಧಿವಂತಿಕೆ ಎಂದು ಅವನೇ ಬೆನ್ನು ತಟ್ಟಿಕೊಂಡ.

ಫ್ಯೂಸು ಬದಲಾಯಿಸಿದ, ಬಿಸಿಯಿಲ್ಲ. ಬಿಸಿ ಮಾಡುವ ಕಾಯಿಲ್ಲು ತರಿಸಿ ಹಾಕಿದ, ಇಲ್ಲ. ಗಾಳಿ ಕೊಳವೆಯಿಂದ ಬಟ್ಟೆಯ ಜುಂಗನ್ನು ಒಂದು ದಿಂಬಿಗಾಗುವಷ್ಟು ಎಳೆದು ತೆಗೆದ, ಅದರ ಜೊತೆ ಎಂದೋ ಕಳೆದುಹೋಗಿದ್ದ ತನ್ನ ಕಾಲುಚೀಲವೂ ಬಂತು. "ಕಾಣೆಯಾದವರನ್ನ ಹುಡುಕಿಕೊಡ್ತೀನಿ ಅಂತ ಬೋರ್ಡು ಹಾಕ್ಕೋಬಹುದು" ಎಂದು ಗೊಣಗಿದ. ಒಂದು ದಿನ ಹಿಂದಿನ ತಗಡನ್ನು ತಲೆಕೆಳಗಾಗಿ ಕೂರಿಸಿ, ಸ್ಕ್ರೂ ತೂತು ಸಿಗದೆ ಡ್ರೈಯರ್ರಿಗೇ ಬೈದ. ಬೇಸರವಾದಾಗ ಕಾಯಿಲ್ಲಿನ ರಟ್ಟಿನ ಪೆಟ್ಟಿಗೆ ಹರಿದು, ಅದರ ಮೇಲೆ ಗಡಿಯಾರ ಬರೆಯುವ ಅಭ್ಯಾಸ ಮಾಡಿದ. ಮೊದಲ ಗಡಿಯಾರ ಆಲೂಗೆಡ್ಡೆಯ ಹಾಗಿತ್ತು. ಹತ್ತಕ್ಕೆ ಬರುವಷ್ಟರಲ್ಲಿ ಜಾಗ ಮುಗಿದು, ಹನ್ನೊಂದು ಹನ್ನೆರಡು ಒಂದರ ಮೇಲೊಂದು ಕೂತಿದ್ದವು. ಇದು ತನಗೆ ಚಿತ್ರ ಬರದಿದ್ದಕ್ಕೋ, ಬೇರೆ ಕಾರಣಕ್ಕೋ ಅವನಿಗೆ ತಿಳಿಯಲಿಲ್ಲ. ಆ ರಟ್ಟನ್ನು ಸೌದೆಯ ಹಿಂದೆ ತುರುಕಿದ.

ಶನಿವಾರ ಇಂಪಿ ತನ್ನ ಅಣ್ಣ ಕಾರ್ಲೊಗೆ ಫೋನು ಮಾಡಿದಳು. ಕಾರ್ಲೊ ತಾಮ್ರದ ಗಿರಣಿಯಲ್ಲಿ ಯಂತ್ರಗಳ ನಡುವೆಯೇ ತಲೆ ಬೆಳ್ಳಗಾಗಿಸಿಕೊಂಡವನು. ಸರ್ವಜ್ಞ ಎಂಬ ಬಿರುದು ತನಗೆ ತಾನೇ ಕೊಟ್ಟುಕೊಂಡವನು. ನೆಂಟ ಬರುತ್ತಾನೆಂದರೆ ಸೌನಾ ಬಿಸಿಯಾಗಿರಬೇಕಲ್ಲ, ಒನ್ನಿ ಹೊಟ್ಟೆಯುರಿಯಿಂದಲೇ ಒಲೆ ಹಚ್ಚಿಟ್ಟ.

"ಏನಯ್ಯಾ, ಬಟ್ಟೆ ಒಣಗಿಸೋಕೂ ಬರಲ್ವಾ ನಿಂಗೆ?" ಎನ್ನುತ್ತ ಕಾರ್ಲೊ ಕರೆಂಟು ಅಳೆಯುವ ಮೀಟರು ಹಿಡಿದು ಮೆಟ್ಟಿಲಿಳಿದ.

"ಬಾ ಭಾವ. ಇಷ್ಟು ದಿನ ಒಬ್ಬನೇ ಕೆಡಿಸ್ತಿದ್ದೆ, ಈಗ ಇಬ್ಬರಾದ್ವಿ."

ಕಾರ್ಲೊ ಅಲ್ಲಿ ಮುಟ್ಟಿದ, ಇಲ್ಲಿ ಮುಟ್ಟಿದ. "ಕರೆಂಟು ಅರ್ಧ ಮಾತ್ರ ಬರ್ತಿದೆ. ಅದಕ್ಕೇ ತಿರುಗುತ್ತೆ, ಬಿಸಿಯಾಗಲ್ಲ."

"ಇನ್ನರ್ಧ ಎಲ್ಲಿ?"

"ಅದು ಗೊತ್ತಿದ್ರೆ ನಿನ್ನ ಹತ್ರ ಯಾಕೆ ಮಾತಾಡ್ತಿದ್ದೆ?"

ಮೇನ್ ಬೋರ್ಡಿನಲ್ಲಿ ಎಲ್ಲ ಸರಿಯಾಗಿತ್ತು. ಸರ್ವಜ್ಞ ತಲೆ ಕೆರೆದುಕೊಂಡ. ಒನ್ನಿಗೆ ಆದ ಖುಷಿ ಅಷ್ಟಿಷ್ಟಲ್ಲ. ತನ್ನ ಸೋಲು ನೆಂಟನಿಗೂ ಅಂಟಿತಲ್ಲ! ಇಬ್ಬರೂ ಬಟ್ಟೆ ಕಳಚಿ ಸೌನಾದ ಮೇಲಿನ ಹಲಗೆಗೆ ಹತ್ತಿ ಕೂತರು. ಬಿಸಿ ಕಲ್ಲಿನ ಮೇಲೆ ನೀರು ಹೊಯ್ದರು, ಹಬೆ ಎದ್ದಿತು. ಮೈ ಸಾಕೆಂದಮೇಲೆ ಒನ್ನಿ ಒಲೆ ಆರಿಸಿದ. ಹೊರಗೆ ಖಾಲಿ ಡ್ರೈಯರ್ರು ಇನ್ನೂ ತಿರುಗುತ್ತಲೇ ಇತ್ತು, ಅದನ್ನು ನಿಲ್ಲಿಸುವುದು ಇಬ್ಬರಿಗೂ ಮರೆತಿತ್ತು.

ಸ್ವಲ್ಪ ಹೊತ್ತಿಗೆ ಹೊರಗಿನಿಂದ ಇಂಪಿಯ ಕೂಗು: "ಒನ್ನಿ! ಬಿಸಿಯಾಗಿದೆ ಕಣೋ!"

ಟವೆಲ್ಲು ಸುತ್ತಿಕೊಂಡು ಓಡಿದರು. ಡ್ರೈಯರ್ರೊಳಗೆ ಕೈಯಿಟ್ಟರೆ ಸುಡುತ್ತಿತ್ತು.

"ಗೆದ್ದೆಯಪ್ಪ. ಗ್ರೀನ್ ಬೇ ಮಾತು ಇನ್ನು ಎತ್ತಲ್ಲ" ಎಂದು ಇಂಪಿ ನಗುತ್ತಾ ಕಾಫಿ ಇಡಲು ಮೇಲೆ ಹೋದಳು.

ಗೆದ್ದವನಿಗೆ ತಾನು ಏನು ಮಾಡಿ ಗೆದ್ದೆ ಎಂದೇ ತಿಳಿಯದು. ಅನುಮಾನ ಬಂದು ಕಾರ್ಲೊ ಸೌನಾ ಒಲೆ ಮತ್ತೆ ಹಚ್ಚಿದ. ಡ್ರೈಯರ್ರು ತಣ್ಣಗಾಯಿತು. ಆರಿಸಿದ. ಬಿಸಿಯಾಯಿತು. ಇಬ್ಬರ ಕಣ್ಣೂ ಒಟ್ಟಿಗೇ ಗೋಡೆಯ ಮೂಲೆಗೆ ಹೋದವು. ಗೋಡೆಯದೇ ಬಣ್ಣದ ಒಂದು ಪುಟ್ಟ ಪೆಟ್ಟಿಗೆ.

"ಅಯ್ಯೋ ದೇವರೇ" ಅಂದ ಒನ್ನಿ.

ಸೌನಾ ಕಟ್ಟಿಸಿದ ವರ್ಷ, ಒಲೆಯೂ ಡ್ರೈಯರ್ರೂ ಒಟ್ಟಿಗೆ ಉರಿದರೆ ಮನೆಯಿಡೀ ಕತ್ತಲಾಗುತ್ತಿತ್ತು. ಒಲೆ ಹಚ್ಚಿದಾಗ ಡ್ರೈಯರ್ರಿನ ಬಿಸಿ ತಾನಾಗಿ ನಿಲ್ಲಲಿ ಎಂದು ಆ ಪೆಟ್ಟಿಗೆ ಕೂರಿಸಿದವರು ಈ ಇಬ್ಬರೇ. ಸೋಮವಾರದ ಒಗೆತಕ್ಕೂ ಶನಿವಾರದ ಸೌನಾಕ್ಕೂ ಎಂದೂ ಮುಖಾಮುಖಿಯಾಗದೆ ಅದು ನೆನಪಿನಿಂದಲೇ ಜಾರಿಹೋಗಿತ್ತು. ಒಂದು ವಾರವಿಡೀ ಒನ್ನಿ ಮೊದಲು ತಾನೇ ಬಿಸಿ ನಿಲ್ಲಿಸಿ, ಆಮೇಲೆ ಬಿಸಿಯೆಲ್ಲಿ ಎಂದು ಹುಡುಕಿದ್ದ. ಇಂಥ ಪೆದ್ದನನ್ನು ಈ ದಂಡೆಯಲ್ಲಿ ಇನ್ನೊಬ್ಬನನ್ನು ತೋರಿಸಿ!

"ಇಂಪಿಗೆ ಹೇಳೋದು ಬೇಡ" ಅಂದ ಕಾರ್ಲೊ, ಮೆಲ್ಲಗೆ. "ಫ್ಯೂಸು ಅಂದ್ಬಿಡು. ಗೆದ್ದಿದ್ದೀಯಲ್ಲ."

ಒನ್ನಿಗೂ ಹಾಗೇ ಅನಿಸಿತು. ಆದರೆ ಬಿಸಿಲಲ್ಲಿ ಸಲಿಕೆ ಹಿಡಿದು ನಿಂತಿದ್ದ ಅಪ್ಪ ಕಣ್ಣಮುಂದೆ ಬಂದ. ಆಗಲೂ ಮನೆಯವರು ಯಾರಿಗೂ ಹೇಳೋದು ಬೇಡ ಅಂದಿದ್ದರು. ಅವನು ಟವೆಲ್ಲಿನಲ್ಲೇ ಮೆಟ್ಟಿಲು ಹತ್ತಿ, ಇಂಪಿಯ ಮುಂದೆ ನಿಂತು, ಒಂದನ್ನೂ ಬಿಡದೆ ಹೇಳಿದ.

ಇಂಪಿ ಕಾಫಿ ಪಾತ್ರೆ ಕೆಳಗಿಟ್ಟು ಕುರ್ಚಿಯಲ್ಲಿ ಕುಸಿದಳು. "ಆ ಪೆಟ್ಟಿಗೆಗೆ ಬಣ್ಣ ಹೊಡೆದವಳು ನಾನು. ನಂಗೂ ನೆನಪಾಗಲಿಲ್ವಲ್ಲೋ!"

ಅಷ್ಟರಲ್ಲಿ ಕಾರ್ಲೊನೂ ಮೇಲೆ ಬಂದಿದ್ದ. ಮೊದಲು ನಕ್ಕವಳು ಇಂಪಿ. ಆಮೇಲೆ ಮೂವರಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು.

"ಹಾಗಾದ್ರೆ ಮೂವರೂ ಹೋಗೋಣ ಗ್ರೀನ್ ಬೇಗೆ" ಅಂದಳು.

"ಯಾರು ಓಡಿಸೋದು?" ಕಾರ್ಲೊ ಕೇಳಿದ.

"ಯಾರು ಗಡಿಯಾರ ಚೆನ್ನಾಗಿ ಬರೀತಾರೋ ಅವರು." ಇಂಪಿ ಕಾಗದ ಹರಿದು ಹಂಚಿದಳು.

ಕಾರ್ಲೊನದು ಮೊಟ್ಟೆಯಾಯಿತು. ಇಂಪಿಯದರಲ್ಲಿ ಏಳು ಎರಡು ಸಲ ಬಂತು. ಒನ್ನಿಯದು ದುಂಡಗೆ, ಅಂಕಿಗಳೆಲ್ಲ ತಂತಮ್ಮ ಜಾಗದಲ್ಲಿ, ಅಂಗಡಿಯಲ್ಲಿ ಮಾರಬಹುದಾದಷ್ಟು ಚೆಂದ.

"ಭಲೇ!" ಎಂದು ಇಂಪಿ ಪಿಕಪ್ಪಿನ ಕೀಲಿಯನ್ನು ಅವನ ಮುಂದಿಟ್ಟಳು. "ನಿನ್ನ ತಲೆ ಸರಿಯಾಗೇ ಇದೆ. ನೀನೇ ಓಡಿಸು."

ಒನ್ನಿ ಕೀಲಿಯನ್ನು ಕೈಗೆತ್ತಿಕೊಂಡು ಒಂದು ಗಳಿಗೆ ಹಿಡಿದಿದ್ದ. ಆಮೇಲೆ ಅವಳ ಅಂಗೈ ಬಿಡಿಸಿ ಅದರಲ್ಲಿಟ್ಟ.

"ಒಂದು ವಾರದಿಂದ ಕೆಳಗೆ ಕೂತು ಗಡಿಯಾರ ಬರೆಯೋದನ್ನೇ ಕಲೀತಿದ್ದೆ ಕಣೇ" ಅಂದ. "ನೀನೇ ಓಡಿಸು."