ಕುರಿಯಿಲ್ಲದ ಗುಡಾರಗಳು

ಮಲೆನಾಡಿನ ಯಸಳೂರಿಗೆ ಬಂದ ಮೊದಲ ಭಾನುವಾರ ಎದುರಿನ ಗುಡ್ಡದ ಮೇಲೆ ಗುಡಾರಗಳು ಕಂಡವು. ಒಂದು ಕೆಂಪು, ಉಳಿದವು ನೀಲಿ. ನಮ್ಮ ಕಡೆಯ ಕುರಿಗಾರರು ಇಷ್ಟು ದೂರ ಬಂದಿದ್ದಾರಲ್ಲ ಎಂದು ನನ್ನ ಜೀವ ಹಿಗ್ಗಿತು. ಚಪ್ಪಲಿ ಕೈಯಲ್ಲಿ ಹಿಡಿದು ಜಾರುವ ಹುಲ್ಲಿನಲ್ಲಿ ಏದುಸಿರು ಬಿಡುತ್ತ ಹತ್ತಿದೆ. ಮೇಲೆ ಕುರಿ ಕಾಣಲಿಲ್ಲ, ನಾಯಿ ಬೊಗಳಲಿಲ್ಲ. ಚಡ್ಡಿ ತೊಟ್ಟ ಗಡ್ಡದ ಗಂಡಸರು ಮೂರು ಕಲ್ಲಿನ ಒಲೆ ಹೂಡಿ ಶ್ಯಾವಿಗೆಯಂಥದ್ದೇನೋ ಬೇಯಿಸುತ್ತಿದ್ದರು.

"ಕುರಿ ಎಲ್ಲಿ ಬಿಟ್ಟೀರಿ?" ಎಂದು ಕೇಳಿದೆ.

"ಯಾವ ಕುರಿ ಆಂಟಿ?" ಎಂದ ಒಬ್ಬ.

ನನಗಿನ್ನೂ ಮದುವೆಯ ವಯಸ್ಸು. ಆಂಟಿ ಎಂದದ್ದಕ್ಕೆ ಬಂದ ಸಿಟ್ಟನ್ನು ನುಂಗಿಕೊಂಡು ವಿಚಾರಿಸಿದೆ. ಬೆಂಗಳೂರಿನವರು. ಎಲ್ಲರಿಗೂ ಮನೆಯಿದೆ, ಮಂಚವಿದೆ, ಫ್ಯಾನಿದೆ. ಅದನ್ನೆಲ್ಲ ಬಿಟ್ಟು ನೆಲದ ಮೇಲೆ ಮಲಗಲೆಂದೇ ರಾತ್ರಿ ಬಸ್ಸು ಹಿಡಿದು ಬಂದಿದ್ದರು. ಇಂಥಲ್ಲೇ ಗುಡಾರ ಹಾಕಬೇಕೆಂಬ ಬೋರ್ಡಿಲ್ಲ, ಗೇಟಿಲ್ಲ. ಹತ್ತಿರ ನೀರಿದ್ದು ಮನಸ್ಸಿಗೆ ಬಂದಲ್ಲಿ ಗೂಟ ಹೊಡೆಯುವುದು, ಬೆಳಗ್ಗೆ ಕಿತ್ತುಕೊಂಡು ಮುಂದಿನ ಕಾಡಿಗೆ ಹೋಗುವುದು. ನಾನು ಗುಡ್ಡ ಇಳಿಯುವಾಗ ಒಬ್ಬಳೇ ನಗುತ್ತಿದ್ದೆ. ನಮ್ಮಪ್ಪ ಜೀವಮಾನವಿಡೀ ಮಾಡಿದ್ದು ಇದನ್ನೇ, ಆದರೆ ಅವನಿಗೆ ಅದು ಹೊಟ್ಟೆಪಾಡು.

ಗಜೇಂದ್ರಗಡದ ಕಡೆಯ ಓದುಗರಿಗೆ ನಾನು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ವರ್ಷದಲ್ಲಿ ಎಂಟು ತಿಂಗಳು ಕುರಿಯ ಹಿಂದೆ ಊರೂರು ತಿರುಗುವ ಮನೆತನದವಳು. ಇವತ್ತು ಈ ರೈತನ ಹೊಲದಲ್ಲಿ ಕುರಿ ತರುಬುವುದು, ಅಂದರೆ ಗೊಬ್ಬರಕ್ಕಾಗಿ ರಾತ್ರಿ ಅಲ್ಲೇ ನಿಲ್ಲಿಸಿಕೊಳ್ಳುವುದು. ನಾಳೆ ಇನ್ನೊಬ್ಬನ ಹೊಲ. ಅವ್ವ ಬೇಗ ತೀರಿಕೊಂಡಳು. ಹಾಸ್ಟೆಲ್ಲಿನಲ್ಲಿ ಓದಿ ನಮ್ಮ ಮನೆತನದಲ್ಲಿ ಮೊದಲು ಸೂರಿನ ಕೆಳಗೆ ನಿಂತವಳು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ಇಲ್ಲಿನ ಹೈಸ್ಕೂಲಿಗೆ ಆಟ ಕಲಿಸುವ ಟೀಚರಾಗಿ ಬಂದೆ. ಅಪ್ಪ ಬಸ್ಸು ಹತ್ತಿಸುವಾಗ ಒಂದೇ ಮಾತು ಹೇಳಿದ್ದ: "ಸ್ವಲ್ಪ ದಿನ ಇರು. ನಮ್ಮ ಕಡೆ ಜಾಗಾ ಖಾಲಿ ಆತಂದ್ರ ಬಂದು ಕರಕೊಂಡು ಹೋಗ್ತೀನಿ." ನಾನೂ ಹೂಂ ಎಂದಿದ್ದೆ.

ಮನೆ ಸಿಕ್ಕಿದ್ದು ಸಾವಿತ್ರಕ್ಕನ ಅಂಗಳದಲ್ಲಿ. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ಮನಸ್ಸು, ಇದು ಸಾವಿತ್ರಕ್ಕ. ಗಂಡ ಹೋದ ಮೇಲೆ ತೋಟವನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಕಾಫಿ ಮೂಟೆ ಇಡುತ್ತಿದ್ದ ಹಳೆಯ ಸ್ಟೋರನ್ನು ಗುಡಿಸಿ ನನಗೆ ಕೊಟ್ಟರು. ಗೋಡೆಗೆ ಕಾಫಿಯ ವಾಸನೆ, ನನ್ನ ಸೀರೆಗೂ ಅದೇ. ನಮ್ಮಲ್ಲಿ ಬಟ್ಟೆ ಒಗೆದು ಹಿಂದಿರುಗಿ ನೋಡುವಷ್ಟರಲ್ಲಿ ಒಣಗಿರುತ್ತದೆ. ಇಲ್ಲಿ ಆಷಾಢದಲ್ಲಿ ಒಗೆದದ್ದಕ್ಕೆ ಶ್ರಾವಣದ ತನಕ ಕಾಯಬೇಕು. ಜೋಳದ ಹಿಟ್ಟು ಸಕಲೇಶಪುರದ ಅಂಗಡಿಯಲ್ಲೂ ಸಿಗದೆ ಅಕ್ಕಿರೊಟ್ಟಿಗೆ ಹೊಂದಿಕೊಂಡೆ. ನಾಲಿಗೆ ಹೊಂದಿಕೊಂಡಿತು, ಹೊಟ್ಟೆ ಮಾತ್ರ ಬಹಳ ದಿನ ತಕರಾರು ಮಾಡಿತು.

ಎಲ್ಲಕ್ಕಿಂತ ಕಷ್ಟವಾದದ್ದು ಆಕಾಶ. ನಮ್ಮಲ್ಲಿ ಅದು ನೆಲದ ತನಕ ಇಳಿಯುತ್ತದೆ. ಹೊತ್ತು ಮುಳುಗುವುದನ್ನು ಪೂರ್ತಿ ನೋಡಬಹುದು, ಬರುವವರು ಬರುವ ಮೊದಲೇ ಕಾಣುತ್ತಾರೆ. ಇಲ್ಲಿ ಮರದ ಹಿಂದೆ ಮರ, ಅದರ ಹಿಂದೆ ಗುಡ್ಡ. ಸಂಜೆಯಾದರೆ ಎದೆ ಕಟ್ಟಿದಂತಾಗುತ್ತಿತ್ತು. ಅತ್ತದ್ದೂ ಉಂಟು. ಅಂಥ ಒಂದು ಸಂಜೆಯೇ ಶಾಲೆಯ ಹುಡುಗಿಯರನ್ನು ಗುಡ್ಡದ ಮೇಲೆ ಮಲಗಿಸಬೇಕೆಂಬ ಯೋಚನೆ ಬಂದದ್ದು. ಗುಡ್ಡದ ಕೆಳಗೇ ಹುಟ್ಟಿದ ಆ ಹುಡುಗಿಯರಲ್ಲಿ ಒಬ್ಬಳೂ ತುದಿ ಹತ್ತಿದವಳಲ್ಲ. ಎಲ್ಲಿಂದಲೋ ಬಂದ ಗಡ್ಡದವರು ಮಲಗಬಹುದಾದರೆ ಇವರು ಯಾಕೆ ಮಲಗಬಾರದು?

ಮನೆಮನೆಗೆ ಹೋಗಿ ಕೇಳಿದೆ. ಎಲ್ಲ ಕಡೆಯೂ ಒಂದೇ ಉತ್ತರ: "ಸಾವಿತ್ರಕ್ಕ ಬಂದ್ರೆ ಕಳಿಸ್ತೀವಿ ಕಣ್ರೀ." ಸಾವಿತ್ರಕ್ಕನನ್ನು ಕೇಳಿದರೆ, "ನಂಗೇನ್ ಹುಚ್ಚಾ? ಹಾಸಿಗೆ ಐತೆ, ಬೆಚ್ಚಗೆ ಒಲೆ ಐತೆ" ಎಂದವರು ಮಾರನೆಯ ದಿನ ತಾವೇ ಫಾರೆಸ್ಟ್ ಗಾರ್ಡಿಗೆ ಹೇಳಿ ಒಪ್ಪಿಸಿ ಬಂದರು.

ಜಾಗ ಹುಡುಕುವ ಕೆಲಸ ನನ್ನದು. ಕುರಿಗಾರನ ಮಗಳಿಗೆ ಅದನ್ನೂ ಕಲಿಸಬೇಕೇ? ಅಪ್ಪನ ಪಾಠ ತಲೆಯಲ್ಲಿತ್ತು: ಬಟಾಬಯಲು ಬೇಕು, ನೆಲ ಸಪಾಟಾಗಿರಬೇಕು, ಪೊದೆ ಹತ್ತಿರ ಇರಬಾರದು. ತೋಳ ಬಂದರೆ ದೂರದಿಂದಲೇ ಕಾಣಬೇಕು. ಎರಡು ಗುಡ್ಡ ಕೂಡುವ ಕಡೆ ಅಂಥ ಸಪಾಟು ಜಾಗ ಸಿಕ್ಕಿತು. ಟಾರ್ಪಾಲಿನ ಗುಡಾರ ಎಬ್ಬಿಸಿದೆವು. ಊಟಕ್ಕೆ ಕೂರುವ ಹೊತ್ತಿಗೆ ಗಾಳಿ ಎದ್ದಿತು. ಅನ್ನಕ್ಕೆ ಹುಲ್ಲು ಬಿತ್ತು, ಸಾರಿಗೆ ಬೂದಿ ಬಿತ್ತು, ಕಡೆಗೆ ಗೂಟ ಸಮೇತ ಎರಡು ಗುಡಾರ ಹಾರಿ ಕಣಿವೆಗೆ ಹೋದವು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಎಲ್ಲರೂ ಇಳಿದು ಬಂದು ಶಾಲೆಯ ಜಗಲಿಯಲ್ಲಿ ಮಲಗಿದೆವು.

"ನಿಮ್ ಸೀಮೇಲಿ ಗಾಳಿ ಇಲ್ವೇನೇ ಮಾರಾಯ್ತಿ?" ಎಂದರು ಸಾವಿತ್ರಕ್ಕ.

"ಐತ್ರಿ. ಆದ್ರ ಮನಿ ಹೊತ್ತುಕೊಂಡು ಹೋಗಂಗಿಲ್ಲ."

"ಸಪಾಟು ಜಾಗ ಕಂಡ್ರೆ ನಿಂಗೊಬ್ಳಿಗೇ ಆಸೆ ಆಗಲ್ಲ ಕಣೆ, ಆನೆಗೂ ಆಯ್ತದೆ. ಅದು ಅವುಗಳ ದಾರಿ. ಕಾಡಂಚಿಗೆ ಬಾ, ಮರದ ಮರೇಲಿ ಬೆಚ್ಚಗಿರ್ತದೆ."

ಮುಂದಿನ ಸಲ ಕಾಡಂಚಿಗೆ ಹೋದೆವು. ಅಲ್ಲಿ ಗಾಳಿ ಇರಲಿಲ್ಲ, ಆದರೆ ಬೆನ್ನ ಹಿಂದೆ ಮರಗಳಿದ್ದದ್ದರಿಂದ ನನಗೆ ಕಣ್ಣು ಮುಚ್ಚಲಾಗಲಿಲ್ಲ. ಸಾವಿತ್ರಕ್ಕನೂ ನಾನೂ ಜಗಳವಾಡಿ, ಮುನಿಸಿಕೊಂಡು, ಗುಡ್ಡವನ್ನೆಲ್ಲ ಅಲೆದು ಕಡೆಗೊಂದು ಜಾಗ ಹಿಡಿದೆವು. ಬೆನ್ನಿಗೆ ಒತ್ತಾದ ಬಂಡೆಸಾಲು, ಅದರಾಚೆ ಕಾಡು, ಮುಂದೆ ತೆರೆದ ಇಳಿಜಾರು, ಪಕ್ಕದಲ್ಲಿ ಬೇಸಿಗೆಗೂ ಬತ್ತದ ಒರತೆ. ಬೇರೆ ಬೇರೆ ಗುಡ್ಡಗಳಲ್ಲಿ ಅಂಥವೇ ಜಾಗ ಹುಡುಕುವುದು ನಮ್ಮಿಬ್ಬರಿಗೂ ಚಟವಾಯಿತು. ಪ್ರತಿ ಚಳಿಗಾಲ ಹುಡುಗಿಯರ ಸಾಲು ಹೊರಡುತ್ತಿತ್ತು. ಸಂಜೆಯಾದರೆ ಎದೆ ಕಟ್ಟುವುದು ಯಾವಾಗ ನಿಂತಿತೋ ನನಗೇ ಗೊತ್ತಾಗಲಿಲ್ಲ.

ಇಲ್ಲಿನ ಒಂದು ಪದ್ಧತಿ ಹೇಳಬೇಕು. ಊರು ಮುಗಿದು ಕಾಡು ಶುರುವಾಗುವಲ್ಲಿ ಒಂದು ದೊಡ್ಡ ನೇರಳೆ ಮರ. ಕಾಡಿನಲ್ಲಿ ರಾತ್ರಿ ಕಳೆಯಲು ಹೋಗುವ ಪರಸ್ಥಳದವರು ಒಂದು ಸೊಪ್ಪಿನ ಟೊಂಗೆ ಮುರಿದು ಅದರ ಬುಡಕ್ಕೆ ಹಾಕಿ, "ಒಂದು ರಾತ್ರಿಗೆ ಬಂದಿದ್ದೇವೆ" ಎಂದು ಹೇಳಬೇಕು. ಆ ಮರದ ದೇವರಿಗೆ ಹೆಸರಿಲ್ಲ, ಪೂಜಾರಿಯಿಲ್ಲ. ಊರಿನವರು ಹಾಕುವಂತಿಲ್ಲ, ಮನೆಯವರು ತಮ್ಮ ಮನೆಗೆ ಹೋಗಲು ಅಪ್ಪಣೆ ಕೇಳುತ್ತಾರೆಯೇ? ಪ್ರತಿ ಸಲವೂ ಹುಡುಗಿಯರು, ಸಾವಿತ್ರಕ್ಕ ನೇರ ನಡೆದು ಹೋಗುತ್ತಿದ್ದರು. ನಾನೊಬ್ಬಳೇ ನಿಂತು ಸೊಪ್ಪು ಹಾಕುತ್ತಿದ್ದೆ.

ನಾಲ್ಕನೆಯ ಚಳಿಗಾಲದಲ್ಲಿ ಅಪ್ಪ ಬಂದ. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು, ಬುತ್ತಿಯಲ್ಲಿ ಒಣಗಿಸಿದ ಜೋಳದ ಕಟಕರೊಟ್ಟಿ. ನಮ್ಮೂರ ಶಾಲೆಯಲ್ಲೇ ಜಾಗ ಖಾಲಿಯಾಗಿತ್ತು. "ಸಾಹೇಬರ ಹತ್ರ ಮಾತಾಡೀನಿ. ನೀ ಹೂಂ ಅಂದ್ರ ಮುಗೀತು" ಎಂದ. ಮುಖದ ತುಂಬ ಗೆದ್ದ ನಗು. ಮಾರನೆಯ ದಿನ ಹುಡುಗಿಯರೊಂದಿಗೆ ಹೊರಡುವುದಿತ್ತು. "ಬಂದ ಮ್ಯಾಲ ಹೇಳ್ತೀನಪ್ಪಾ, ನೀನೂ ಬಾ" ಎಂದೆ.

ಅಪ್ಪ ಗುಡಾರದ ಗಂಟು ಹೊತ್ತ ಹುಡುಗಿಯರನ್ನು ನೋಡಿ ಬೆರಗಾದ. "ಮನಿ ಇದ್ದು ಹೊರಗ ಮಕ್ಕೋಳಾಕ ಹೊಂಟೀರೇನವ್ವಾ? ಮನಿ ಇಲ್ಲದಾವ್ರು ಮಾಡೂ ಕೆಲಸ ಇದು." ಹುಡುಗಿಯರು ಕಿಸಕ್ಕನೆ ನಕ್ಕರು, ಅವನೂ ನಕ್ಕ.

ನೇರಳೆ ಮರದ ಹತ್ತಿರ ಸಾವಿತ್ರಕ್ಕ ಅಪ್ಪನಿಗೆ ಪದ್ಧತಿ ಹೇಳಿದರು. ನಾನು ರೂಢಿಯಂತೆ ಟೊಂಗೆಗೆ ಕೈ ಹಾಕಿದೆ. ಸಾವಿತ್ರಕ್ಕ ನನ್ನ ಕೈಮೇಲೆ ಪಟ್ಟನೆ ಹೊಡೆದರು.

"ನೀನ್ಯಾಕೆ ಹಾಕ್ತೀಯೇ? ಇಷ್ಟ್ ವರ್ಷ ಆಯ್ತು. ನೀನು ಊರೋಳಲ್ವಾ? ನಡಿ ಸುಮ್ನೆ."

ಹುಡುಗಿಯರು ಚಪ್ಪಾಳೆ ತಟ್ಟಿದರು. ಹೊಟ್ಟೆಗೆ ಹಾಲು ಹೊಯ್ದಂತಾಯಿತು ಎನ್ನುತ್ತಾರಲ್ಲ, ಹಾಗಾಯಿತು ನನಗೆ. ಸರ್ಕಾರದ ಆರ್ಡರು ಕೊಡದ ಸಂತೋಷ ಅದು. ಆಮೇಲೆ ಅಪ್ಪನ ಕಡೆ ನೋಡಿದೆ. ಅವನು ಒಬ್ಬನೇ ಟೊಂಗೆ ಮುರಿದು, ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು, ಮರದ ಬುಡಕ್ಕೆ ಬಗ್ಗಿ ಸೊಪ್ಪು ಇಡುತ್ತಿದ್ದ. ಬಗ್ಗಿದ ತಲೆ ಎತ್ತಲಿಲ್ಲ.

ಬೆಳಗ್ಗೆ ನಾನೇಳುವಷ್ಟರಲ್ಲಿ ಅಪ್ಪ ಗುಡಾರದ ಹೊರಗೆ ಕೂತಿದ್ದ. ಕಣಿವೆಯ ತುಂಬ ಮಂಜು. "ಕುರಿಹಿಂಡು ಮಲಗಿದಂಗ ಐತಿ" ಎಂದ. ಜಾಗ ಯಾರು ಹುಡುಕಿದ್ದು ಎಂದು ಕೇಳಿ, ಬಂಡೆ, ಇಳಿಜಾರು, ಒರತೆ ಎಲ್ಲ ನೋಡಿ ತಲೆದೂಗಿದ. ಶಾಲೆಯ ಮಾತು ಮಾತ್ರ ಎತ್ತಲಿಲ್ಲ. ಕಡೆಗೆ ನಾನೇ ಎತ್ತಿದೆ.

"ಅಪ್ಪಾ, ನಾ ಇಲ್ಲೇ ಇರ್ತೀನಿ."

"ಗೊತ್ತಾತು ಬಿಡವ್ವಾ" ಎಂದ. "ಸೊಪ್ಪು ಹಾಕಬ್ಯಾಡ ಅಂದ್ರಲ್ಲ ಆ ಅಕ್ಕಾರು, ಆಗ ನಿನ್ನ ಮುಖ ನೋಡಿದೆ."

ನಾನು ಅತ್ತೆ. ಅವನು ಅಳಲಿಲ್ಲ. ಸಕಲೇಶಪುರದಲ್ಲಿ ಬಸ್ಸು ಹತ್ತಿಸಿದಾಗ ಸಾವಿತ್ರಕ್ಕ ಕೊಟ್ಟ ಕಾಫಿಪುಡಿಯ ಪೊಟ್ಟಣವನ್ನು ಎದೆಗವಚಿ ಕೂತ. ಅವನಿಗೆ ಕಾಫಿ ಸೇರುವುದಿಲ್ಲ.

ಆ ಬೇಸಿಗೆ ರಜೆಗೆ ಊರಿಗೆ ಹೋದೆ. ಅಪ್ಪನ ಕುರಿ ಒಬ್ಬ ರೈತನ ಹೊಲದಲ್ಲಿತ್ತು. ದೂರದಿಂದಲೇ ಎಲ್ಲ ಕಂಡಿತು: ಹಿಂಡು, ನಾಯಿ, ಒಲೆಯ ಹೊಗೆ, ನೆಲದ ತನಕ ಇಳಿದ ಆಕಾಶ. ಕಾಲು ತಾನಾಗಿ ಓಡತೊಡಗಿತು. ನಮ್ಮ ಗುಡಾರಗಳಲ್ಲಿ ಮನೆಯವರು ಬರಿನೆಲದ ಮೇಲೆ ಕೂರುತ್ತೇವೆ; ನೆಂಟರು ಬಂದರೆ ಮಾತ್ರ ಗಂಟಿನಿಂದ ಹೊಸ ಕಂಬಳಿ ತೆಗೆದು ನಾಲ್ಕು ಮಡಿಕೆ ಮಾಡಿ ಹಾಸುತ್ತೇವೆ. ನಾನು ಬರುವುದನ್ನು ಕಂಡ ಅಪ್ಪ ಎದ್ದು ಒಳಗೆ ಹೋದ. ಹೊರಗೆ ಬಂದಾಗ ಕೈಯಲ್ಲಿ ಕರಿ ಕಂಬಳಿಯಿತ್ತು. ಕೊಡವಿ, ಮಡಿಸಿ, ನೆರಳಿರುವ ಕಡೆ ಹಾಸಿ, ಸುಕ್ಕನ್ನು ಅಂಗೈಯಿಂದ ಸವರಿದ. ಅವನ ಮನಸ್ಸಿನಲ್ಲಿ ಕಹಿಯಿರಲಿಲ್ಲ, ಪ್ರೀತಿಯಿಂದಲೇ ಹಾಸಿದ್ದ.

"ಕೂಡವ್ವಾ" ಎಂದ. "ದೂರದಿಂದ ಬಂದೀ."

ನಾನು ಚಪ್ಪಲಿ ಬಿಟ್ಟು ಕಂಬಳಿಯ ಅಂಚಿನಲ್ಲಿ ಕೂತೆ, ಕಾಲು ಮಾತ್ರ ನೆಲದ ಮೇಲಿಟ್ಟೆ.