ರಾಜನ ಒಂದು ಹಾರಾಟ

ನಾನು ಚಿಕ್ಕವನಿದ್ದಾಗ ಒಂದು ಗಳಿಗೆ ಕೂತಲ್ಲಿ ಕೂತವನಲ್ಲ. ಕೂತರೆ ಕಾಲು ಅಲ್ಲಾಡುತ್ತಿತ್ತು, ಕಾಲು ನಿಂತರೆ ಕೈ ಏನನ್ನಾದರೂ ಕೆದಕುತ್ತಿತ್ತು. ಇಂಥವನಿಗೆ ಚದುರಂಗದ ಹುಚ್ಚು ಹಿಡಿಯಿತು ನೋಡಿ. ಬಾಳ್ಳುಪೇಟೆಯಲ್ಲಿ ಅಪ್ಪನದು ಬಟ್ಟೆ ಅಂಗಡಿ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ, ಹೊಸ ಬಟ್ಟೆಯ ಗಂಜಿ ವಾಸನೆಯ ನಡುವೆ ಕೂತು ಅಪ್ಪ ನನಗೆ ಆಟ ಕಲಿಸಿದರು. ನಮ್ಮ ಕಡೆಯ ಆಟದಲ್ಲಿ ರಾಜನಿಗೆ ಒಂದು ವಿಶೇಷ ಹಕ್ಕಿತ್ತು. ಎದುರಾಳಿ ಚೆಕ್ ಕೊಡುವ ಮೊದಲು, ಇಡೀ ಆಟದಲ್ಲಿ ಒಂದೇ ಒಂದು ಸಲ, ಅವನು ಕುದುರೆಯಂತೆ ಹಾರಬಹುದಿತ್ತು.

ಒಂದು ವರ್ಷ ಸಕಲೇಶಪುರದಲ್ಲಿ ಹುಡುಗರ ಪಂದ್ಯ ಏರ್ಪಾಡಾಯಿತು. ಒಂದು ವಾರ ಮೊದಲೇ ನಿಯಮಗಳ ಎರಡು ಅಚ್ಚಿನ ಹಾಳೆ ಬಂತು. ಅಕ್ಕ ಓದಿದಳು, ನಾನು ಕಂಬ ಸುತ್ತುತ್ತಾ ಕೇಳಿದೆ. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂಬುದನ್ನು ಕೇಳಿ ಸುತ್ತುವುದನ್ನು ನಿಲ್ಲಿಸಿಬಿಟ್ಟೆ. ಆ ವಾರವೆಲ್ಲ ನಾನು ಸುಮ್ಮನೆ ಕಾಯಿ ಮುಟ್ಟಿದಾಗಲೆಲ್ಲ ಅಕ್ಕ ಅಡಿಕೋಲಿನಿಂದ ಬೆರಳಿಗೆ ಕೊಟ್ಟಳು. ಬೆರಳು ಕೆಂಪಾದವು, ಅಭ್ಯಾಸ ಮಾತ್ರ ಹೋಗಲಿಲ್ಲ.

ರಾಜನ ಹಾರಾಟ ಹಾಳೆಯಲ್ಲಿ ಎಲ್ಲೂ ಇಲ್ಲವಲ್ಲ ಎಂದು ಅಕ್ಕ ಅಪ್ಪನನ್ನು ಕೇಳಿದಳು.

“ಅದನ್ನೂ ಬರೀಬೇಕೇನವ್ವ? ಎಲ್ರಿಗೂ ಗೊತ್ತಿರೋದೇ ಐತಲ್ಲ” ಎಂದರು ಅಪ್ಪ, ಕತ್ತರಿ ಕೆಳಗಿಡದೆ.

ಪಂದ್ಯದ ದಿನ ಅಪ್ಪ ನನ್ನನ್ನು ಸಕಲೇಶಪುರದ ಶಾಲೆಗೆ ಕರೆದುಕೊಂಡು ಹೋದರು. ಕೋಣೆಯ ತುಂಬ ಸೀಮೆಸುಣ್ಣದ ವಾಸನೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತೆ. ಕೈ ಜೋಮು ಹಿಡಿದವು, ಆದರೂ ಎರಡು ಆಟ ಗೆದ್ದೆ. ಮೂರನೆಯದನ್ನೂ ಗೆದ್ದರೆ ಹಾಸನದ ಪಂದ್ಯಕ್ಕೆ ಹೋಗಬಹುದಿತ್ತು. ಆ ಆಟದಲ್ಲಿ ಎದುರಾಳಿಯ ಮಂತ್ರಿ, ಆನೆ ಎರಡೂ ನನ್ನ ರಾಜನ ಹತ್ತಿರಕ್ಕೆ ಬಂದವು. ಹಾರಾಟ ಇನ್ನೂ ಬಾಕಿ ಇದೆಯಲ್ಲ ಎಂದು ನಾನು ಒಳಗೊಳಗೇ ಹಿಗ್ಗಿ ರಾಜನನ್ನು ಹಾರಿಸಿಬಿಟ್ಟೆ.

ಎದುರಿನ ಹುಡುಗ ಕೈ ಎತ್ತಿದ. ಪಂದ್ಯ ನಡೆಸುತ್ತಿದ್ದ ಮೇಷ್ಟ್ರು ಬಂದು ನೋಡಿ, ಇಂಥ ನಡೆಯೇ ಇಲ್ಲ, ರಾಜನನ್ನು ಮುಟ್ಟಿದ್ದರಿಂದ ರಾಜನನ್ನೇ ಸರಿಯಾದ ಮನೆಗೆ ನಡೆಸಬೇಕು ಎಂದರು. ಕುದುರೆಯನ್ನು ಅಡ್ಡ ಇಟ್ಟಿದ್ದರೆ ನಾನು ಬದುಕುತ್ತಿದ್ದೆ. ರಾಜನಿಗೆ ಉಳಿದಿದ್ದು ಒಂದೇ ಮನೆ. ಅಲ್ಲಿಗೆ ನಡೆಸಿದೆ, ಮುಂದಿನ ನಡೆಗೇ ಆಟ ಮುಗಿಯಿತು. ಹುಡುಗರು ಮುಸಿಮುಸಿ ನಕ್ಕರು. ನನಗೆ ಅವಮಾನದಿಂದ ಕಿವಿ ಕಾದವು.

ಹಿಂದಿನ ಬೆಂಚಿನಿಂದ ಅಪ್ಪ ಎದ್ದು ನಿಂತರು. “ಹುಡುಗುಂದೇನೂ ತಪ್ಪಿಲ್ಲ ಸ್ವಾಮಿ. ಹೇಳ್ಕೊಟ್ಟೋನು ನಾನು. ಮಗಳು ಕೇಳಿದ್ಲು, ನಾನೇ ಕಿವಿಗೆ ಹಾಕ್ಕಳ್ಳಿಲ್ಲ.”

ನಗು ನಿಂತಿತು. ಹೋದ ಆಟವೇನೂ ವಾಪಸ್ ಬರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಮನೆಗೆ ಬಂದ ಅಪ್ಪ ಅಂಗಿ ಕೂಡ ಬಿಚ್ಚದೆ ಅಕ್ಕನ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಹಾಳೆಯನ್ನು ಮೊದಲಿನಿಂದ ಓದು ಎಂದರು.

ಈಗ ನೀವು ಫೋನಿನಲ್ಲಿ ಚೆಸ್ ಆಡುವುದನ್ನು ನೋಡುತ್ತೇನೆ. ತಪ್ಪು ಮನೆಗೆ ಎಳೆದರೆ ಕಾಯಿ ತಾನೇ ಹಿಂದಕ್ಕೆ ಬರುತ್ತದೆ. ಯಾರೂ ನಗುವುದಿಲ್ಲ, ಆ ತಪ್ಪಿಗೆ ಯಾರೂ ಸೋಲುವುದಿಲ್ಲ. ಒಳ್ಳೆಯದೇ. ಆದರೆ ಮಕ್ಕಳೇ, ತುಂಬಿದ ಕೋಣೆಯಲ್ಲಿ ನಿಮಗೋಸ್ಕರ ನಿಮ್ಮಪ್ಪ ಎದ್ದು ನಿಲ್ಲುವುದನ್ನು ನೋಡುವ ಭಾಗ್ಯ ಆ ಆಟದಲ್ಲಿಲ್ಲ.